ಮಾಸ್ತರು ಹೇಳದ ಹಸಿರು

ಮೊನ್ನೆ ಮನೆಯ ಗೇಟಿಗೆ ಬಣ್ಣ ಬಳಿದು ಕೈ ತೊಳೆಯಲು ನಿಂತೆ. ಥಿನ್ನರ್ ಡಬ್ಬಿ ಖಾಲಿಯಾಗಿತ್ತು. ಅಡಿಗೆಮನೆಯ ಅಟ್ಟದ ಮೇಲೆ ಯಾವ ಕಾಲದ್ದೋ ಏನೋ, ಅರ್ಧ ಬಾಟಲಿ ಸೀಮೆಎಣ್ಣೆ ಸಿಕ್ಕಿತು. ಅದನ್ನೇ ಕೈಗೆ ಸುರಿದುಕೊಂಡು, ಮೇಲೆ ಒಂದು ಹಿಡಿ ಕಡಲೆಹಿಟ್ಟು ಹಾಕಿ ಗಸಗಸ ಉಜ್ಜಿದೆ. ಸೀಮೆಎಣ್ಣೆಯೂ ಕಡಲೆಹಿಟ್ಟೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ಅಲ್ಲೇ ನಿಂತುಬಿಟ್ಟಿತು. ಮಗಳು ಒಳಗಿನಿಂದ, "ಅವ್ವಾ, ಇದ್ಯಾವ ವಾಸ್? ಸ್ಟೋವ್ ಮ್ಯಾಲೆ ಭಜಿ ಕರದಂಗ ಬರ್ತಿದೆ" ಎಂದು ಕೂಗಿದಳು.  ನಲ್ಲಿ ಹರಿಯುತ್ತಲೇ ಇತ್ತು...

ನನ್ನ ಕಾರ್ಖಾನೆಯ ಹಿಂದಿನ ನಲ್ಲಿಯ ಹತ್ತಿರ ದಿನಾ ಸಂಜೆ ಐದೂವರೆಗೆ ಇದೇ ವಾಸನೆ ಏಳುತ್ತಿತ್ತು. ಥಿನ್ನರಿನಲ್ಲಿ ಕೈ ತೊಳೆದರೆ ಚರ್ಮ ಒಡೆಯುತ್ತದೆ, ಚರ್ಮ ಒಡೆದರೆ ಬೆರಳಿಗೆ ಬಣ್ಣದ ದಪ್ಪ ತಿಳಿಯುವುದಿಲ್ಲ ಎಂಬುದು ನಮ್ಮಲ್ಲಿ ಬಣ್ಣ ಕೂಡಿಸುತ್ತಿದ್ದ ಹಿರಿಯರೊಬ್ಬರ ವಾದ. ಅದಕ್ಕೇ ಸೀಮೆಎಣ್ಣೆ, ಅದಕ್ಕೇ ಕಡಲೆಹಿಟ್ಟು. ನಾವೆಲ್ಲ ಅವರನ್ನು ಮಾಸ್ತರು ಎನ್ನುತ್ತಿದ್ದೆವು. ಶಾಲೆಯ ಮಾಸ್ತರಲ್ಲ, ಬಣ್ಣದ ಮಾಸ್ತರು.

ಬಣ್ಣವೆಂದರೆ ಡಬ್ಬಿ ತೆರೆದು ಬಳಿಯುವುದು ಅಂತಲೇ ಹೊರಗಿನವರ ತಿಳುವಳಿಕೆ. ಆದರೆ ಒಂದು ಕಾರ್ಖಾನೆ ತನ್ನ ಯಂತ್ರಕ್ಕೆ ಒಂದು ಬಣ್ಣ ಅಂತ ಗೊತ್ತುಮಾಡಿಕೊಂಡರೆ ಮುಗಿಯಿತು, ವರ್ಷಗಟ್ಟಲೆ ಅದೇ ಬಣ್ಣ ಬೇಕು. ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಗಿರಾಕಿ ಒಂದು ತಗಡಿನ ತುಂಡಿಗೆ ತನ್ನ ಬಣ್ಣ ಬಳಿದು ಕಳಿಸುತ್ತಾನೆ. ಅದನ್ನು ಎದುರಿಗಿಟ್ಟುಕೊಂಡು, ಯಾವ ಬಣ್ಣಕ್ಕೆ ಯಾವುದನ್ನು ಎಷ್ಟು ಹನಿ ಕೂಡಿಸಿದರೆ ಅದೇ ಆಗುತ್ತದೆ ಎಂದು ಹುಡುಕಬೇಕು. ಈಗ ಅದಕ್ಕೆ ಮಷಿನ್ ಬಂದಿದೆ. ಆಗ ನಮ್ಮಂಥ ಸಣ್ಣ ಕಾರ್ಖಾನೆಗಳಿಗೆ ಕಣ್ಣೇ ಮಷಿನ್. ಮಾಸ್ತರ ಕಣ್ಣಂತೂ, ಶಿವಶಿವಾ! ನಾಲ್ಕು ಮಾರು ದೂರದಿಂದಲೇ ನನ್ನನ್ನು ಕರೆದು, "ಬಾಯಾರ, ಅದಕ್ಕ ಒಂದ್ ಹನಿ ಕರಿ ಜಾಸ್ತಿ ಬಿದ್ದೈತ್ರಿ" ಎನ್ನುತ್ತಿದ್ದರು. ಒಂದು ಹನಿಯೇ ಆಗಿರುತ್ತಿತ್ತು.

ನನ್ನದು ಮೂಲತಃ ವಿಜಯಪುರ. ಅಪ್ಪ ಬ್ಯಾಂಕಿನವರು, ವರ್ಗವಾಗಿ ನಾಸಿಕಕ್ಕೆ ಬಂದರು. ನಾನು ಇಲ್ಲೇ ರಸಾಯನಶಾಸ್ತ್ರ ಓದಿದೆ, ಓಝರ್‌ನ ವಿಮಾನ ಕಾರ್ಖಾನೆಯ ತಂತ್ರಜ್ಞರೊಬ್ಬರನ್ನು ಮದುವೆಯಾದೆ, ಅಂಬಡ್‌ನಲ್ಲಿ ಕೈಗಾರಿಕಾ ವಸಾಹತಿನ ಒಂದು ಶೆಡ್ ಹಿಡಿದು ಬಣ್ಣದ ಕೆಲಸ ಶುರುಮಾಡಿದೆ. ಒಂಬತ್ತು ಜನ ಕೆಲಸಗಾರರು. ಹೆಂಗಸು ಬಣ್ಣದ ಕಾರ್ಖಾನೆ ನಡೆಸುತ್ತಾಳಂತೆ ಎಂದು ನಕ್ಕವರ ಮುಂದೆ ನಡೆಸಿ ತೋರಿಸುವ ಹಟ ಒಂದು ಕಡೆ, ಮೂಗಿನ ತುದಿಯಲ್ಲೇ ಸಿಟ್ಟು ಇನ್ನೊಂದು ಕಡೆ. ಎರಡನ್ನೂ ಈಗಲೂ ಬಿಟ್ಟಿಲ್ಲ ಎಂದು ಮನೆಯವರು ಹೇಳುತ್ತಾರೆ.

ಮಾಸ್ತರು ಬಂದದ್ದು ಛತ್ರಪತಿ ಸಂಭಾಜಿನಗರದಿಂದ. ಆಗ ಎಲ್ಲರ ಬಾಯಲ್ಲಿ ಅದಿನ್ನೂ ಔರಂಗಾಬಾದ್. ಗದಗ ಕಡೆಯ ಆ ಮನುಷ್ಯ ಅಲ್ಲಿನ ವಾಳೂಜ್‌ನಲ್ಲಿದ್ದ ದೊಡ್ಡದೊಂದು ಬಣ್ಣದ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ದುಡಿದಿದ್ದರು. ಅದರ ಮಾಲೀಕರನ್ನು ನಮ್ಮ ಧಂದೆಯಲ್ಲಿ ಶೇಟಜಿ ಎನ್ನುತ್ತಿದ್ದರು. ನನಗೆ ಅವರು ಎದುರಾಳಿ. ಅವರಿಗೆ ನಾನು ಏನೂ ಅಲ್ಲ, ನನ್ನಂಥವರು ನೂರು ಜನ. ಮಾಸ್ತರ ಹೆಂಡತಿ ತೀರಿಕೊಂಡಿದ್ದರು. ಬ್ಯಾಂಕಿನಲ್ಲಿದ್ದ ಒಬ್ಬಳೇ ಮಗಳಿಗೆ ನಾಸಿಕಕ್ಕೆ ವರ್ಗವಾದಾಗ ಅವಳ ಹಿಂದೆಯೇ ಹೊರಟು ಬಂದರು. ಮನೆಯಲ್ಲಿ ಕೂತು ಉಣ್ಣುವ ಜೀವವಲ್ಲ. ಒಂದು ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮುಂದೆ ಬಂದು ನಿಂತರು.

ನನಗೆ ಲಾಟರಿ ಹೊಡೆದಷ್ಟು ಖುಷಿ! ಶೇಟಜಿಯ ಕಣ್ಣೇ ನನ್ನ ಶೆಡ್ಡಿಗೆ ನಡೆದು ಬಂದಿದೆಯಲ್ಲ. ಆದರೆ ಅವರು ಕೂರುವ ಮೊದಲೇ ಜೇಬಿನಿಂದ ನಾಲ್ಕಾಗಿ ಮಡಿಚಿದ ಒಂದು ಸ್ಟ್ಯಾಂಪ್ ಪೇಪರ್ ತೆಗೆದು ಮೇಜಿನ ಮೇಲೆ ಹರಡಿದರು.

"ಮೊದಲ ಇದನ್ನ ಓದ್ರಿ ಬಾಯಾರ. ಆಮ್ಯಾಲೆ ಕೆಲಸದ ಮಾತು."

ಶೇಟಜಿ ಬರೆಸಿಕೊಂಡಿದ್ದ ಕರಾರು ಅದು. ಅದರಲ್ಲಿ ಮುಖ್ಯವಾಗಿ ಎರಡು ಮಾತುಗಳಿದ್ದವು. ಕೆಲಸ ಬಿಟ್ಟ ಮೇಲೆ ಮೂರು ವರ್ಷ ರಾಜ್ಯದಲ್ಲಿ ಬೇರೆ ಯಾವ ಬಣ್ಣದ ಕಾರ್ಖಾನೆಯಲ್ಲೂ ದುಡಿಯಬಾರದು ಎಂಬುದು ಮೊದಲನೆಯದು. ಅದರ ಮೇಲೆ ನೀಲಿ ಶಾಯಿಯ ಅಡ್ಡಗೆರೆ ಎಳೆದಿತ್ತು. "ಅದನ್ನ ಅವರ ಮುಂದನ ಹೊಡದು ಹಾಕೀನ್ರಿ. ಇದು ನನ್ನಿಂದ ನಡಸೂದಾಗೂದಿಲ್ಲ, ನಾ ಏನ್ ಉಣ್ಣಲಿ ಅಂತ ಕೇಳಿದೆ. ಅವರು ಸುಮ್ಮನಾದ್ರು" ಎಂದರು. ಎರಡನೆಯದರ ಕೆಳಗೆ ಹನ್ನೊಂದು ಬಣ್ಣಗಳ ಪಟ್ಟಿ. ಆ ಹನ್ನೊಂದನ್ನು ಬೇರೆ ಯಾರಿಗೂ ಮಾಡಿಕೊಡುವುದಿಲ್ಲ, ಮಾಡಲು ನೆರವಾಗುವುದಿಲ್ಲ, ಅವುಗಳಲ್ಲಿ ಏನಿದೆ ಎಂದು ಬಾಯಿ ಬಿಡುವುದಿಲ್ಲ. ಅದರ ಕೆಳಗೆ ಅವರ ಸಹಿ ಗುಂಡಗೆ, ಸ್ಪಷ್ಟವಾಗಿ ಇತ್ತು.

ನಾನು ಆ ಕಾಗದದ ಒಂದು ನಕಲನ್ನು ನಮ್ಮ ವಕೀಲರಿಗೆ ತೋರಿಸಿದೆ. ಅವರು ಚಾ ಹೀರುತ್ತಲೇ ಓದಿ ಮುಗಿಸಿದರು. ಕೆಲಸ ಬಿಟ್ಟವನನ್ನು ಬೇರೆ ಕಡೆ ದುಡಿಯಬೇಡ ಎನ್ನುವ ಕರಾರು ನಮ್ಮ ಕಾನೂನಿನಲ್ಲಿ ಹೇಗೂ ನಿಲ್ಲುವುದಿಲ್ಲ, ಆ ಗೆರೆ ಎಳೆಯುವ ಅಗತ್ಯವೇ ಇರಲಿಲ್ಲ ಎಂದರು. ಗುಟ್ಟು ಬಿಟ್ಟುಕೊಡಬಾರದು ಎಂಬುದು ನಿಲ್ಲುತ್ತದೆ. "ಆದರೆ ಮ್ಯಾಡಮ್, ಬಜಾರಿನಲ್ಲಿ ಎಲ್ಲರ ಕಣ್ಣೆದುರು ಇರುವ ಬಣ್ಣವನ್ನು ಒಬ್ಬ ಕಣ್ಣಿನಿಂದ ನೋಡಿ ಮಾಡಿದ ಅಂತ ಇಟ್ಟುಕೊಳ್ಳಿ. ಅವನು ನೋಡಿ ಮಾಡಿದನೋ, ನೆನಪಿನಿಂದ ಮಾಡಿದನೋ ಯಾರು ರುಜುವಾತು ಮಾಡುತ್ತಾರೆ?" ಎಂದು ನಕ್ಕರು.

ನಾನು ಹಾರುತ್ತಾ ಬಂದು ಮಾಸ್ತರಿಗೆ ಹೇಳಿದೆ. ಅವರು ಒಂದು ಡಬ್ಬಿಯನ್ನು ಕಲಕುತ್ತಿದ್ದರು, ಕೈ ನಿಲ್ಲಿಸಲಿಲ್ಲ.

"ಕೋರ್ಟ್ ಹಿಡಿಯೂದಿಲ್ಲ ಅಂದ್ರ ನಾ ಮಾತು ಬಿಡಬೇಕೇನ್ರಿ? ಯಾವುದು ಆಗೂದಿಲ್ಲೋ ಅದನ್ನ ಅವತ್ತ ಹೊಡದು ಹಾಕೀನಿ. ಉಳದದ್ದಕ್ಕ ಹೂಂ ಅಂದೀನಿ."

ಆಗ ನಾನೂ ಹೂಂ ಎಂದೆ. ಹನ್ನೊಂದು ತಾನೇ, ಜಗತ್ತಿನಲ್ಲಿ ಬೇರೆ ಬಣ್ಣಗಳಿಗೇನು ಬರವೇ ಎಂದುಕೊಂಡೆ. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಅವರು ಮಾಡಿದ ಬಣ್ಣ ಒಮ್ಮೆಯೂ ವಾಪಸು ಬರಲಿಲ್ಲ. ನನಗೂ ಕೂರಿಸಿಕೊಂಡು ಕಲಿಸಿದರು. ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆಯ ತನಕ ಉತ್ತರದ ಕಿಟಕಿಯ ಬೆಳಕಿನಲ್ಲೇ ನೋಡಬೇಕು. ನಡುನಡುವೆ ಬೂದಿ ಬಣ್ಣದ ಗೋಡೆ ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಬೇಕು. ಕೊನೆಗೆ ಕಿಟಕಿ, ಟ್ಯೂಬ್‌ಲೈಟು, ಹಳದಿ ಬಲ್ಬು ಮೂರರ ಕೆಳಗೂ ಹಿಡಿದು ನೋಡಬೇಕು. ಯಾಕೆಂದರೆ ಒಳಗಿನ ಬಣ್ಣದ ಪುಡಿ ಬೇರೆಯಾಗಿದ್ದರೆ ಬಿಸಿಲಿನಲ್ಲಿ ಒಂದೇ ಆಗಿ ಕಂಡದ್ದು ಟ್ಯೂಬ್‌ಲೈಟಿನ ಕೆಳಗೆ ಬೇರೆಯಾಗಿ ಕಾಣುತ್ತದೆ. ಮೊದಲ ತಿಂಗಳು ನಾನು ಆ ಮೂರು ಬೆಳಕು ಮರೆತಾಗಲೆಲ್ಲ ಕಿವಿ ಹಿಂಡುವುದೊಂದು ಬಾಕಿ.

ಮೂರನೆಯ ವರ್ಷ ಹೊಡೆತ ಬಿತ್ತು. ನನ್ನ ದೊಡ್ಡ ಗಿರಾಕಿ ಡಬ್ಬಿಯ ಬಣ್ಣ ಬಿಟ್ಟು, ಇದ್ದಕ್ಕಿದ್ದಂತೆ ನಾವು ಮಾಡದ ಪುಡಿ ಬಣ್ಣಕ್ಕೆ, ಪೌಡರ್ ಕೋಟಿಂಗಿಗೆ ಬದಲಾದ. ನನ್ನ ಅರ್ಧಕ್ಕೂ ಹೆಚ್ಚು ಕೆಲಸ ಒಂದೇ ತಿಂಗಳಿನಲ್ಲಿ ನಿಂತಿತು. ಒಂಬತ್ತು ಜನರಲ್ಲಿ ಯಾರನ್ನು ಬಿಡಿಸಲಿ ಎಂದು ನಾನು ಕೂತು ಹೆಸರು ಬರೆಯುವ ಹೊತ್ತಿಗೆ ಪಿಂಪಳಗಾಂವ್ ಕಡೆಯ ಒಂದು ಕಾರ್ಖಾನೆಯವರು ಬಂದರು. ದ್ರಾಕ್ಷಿ ತೋಟಗಳಿಗೆ ಔಷಧಿ ಹೊಡೆಯುವ ಯಂತ್ರ ಮಾಡುವವರು. ಅವರ ಯಂತ್ರದ ಹಸಿರು ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ತೋಟದ ಎಲೆಗಳ ನಡುವೆ ನಿಂತಿದ್ದರೂ ಬೇರೆಯಾಗಿ ಎದ್ದು ಕಾಣುವ ಹಸಿರು. ಬಣ್ಣ ಬರುತ್ತಿದ್ದದ್ದು ಶೇಟಜಿಯಿಂದ. ಈಚೆಗೆ ತಡವಾಗಿ ಬರುತ್ತಿದೆ, ನೀವು ಕೊಡುತ್ತೀರಾ ಎಂದು ಕೇಳಿದರು. ಕೊಟ್ಟರೆ ವರ್ಷಪೂರ್ತಿ ಕೆಲಸ. ಯಾರನ್ನೂ ಬಿಡಿಸಬೇಕಾಗಿಲ್ಲ.

ಮಾಸ್ತರ ಪಟ್ಟಿ ತೆಗೆದು ನೋಡಿದೆ. ಏಳನೆಯದೇ ಆ ಹಸಿರು.

ಈಗ ಬರೆಯುವುದನ್ನು ಬರೆಯದೆ ಬಿಡಬಹುದಿತ್ತು. ಆದರೆ ಬಿಟ್ಟರೆ ಈ ನೆನಪಿಗೆ ಅರ್ಥವಿಲ್ಲ. ಗಿರಾಕಿ ಕೊಟ್ಟಿದ್ದ ತಗಡಿನಿಂದ ನಾನು ಅಂಗೈಯಗಲದ ತುಂಡು ಕತ್ತರಿಸಿಕೊಂಡೆ, ಹಿಂಬದಿಯ ನಂಬರನ್ನು ಉಜ್ಜಿ ಅಳಿಸಿದೆ, ಮಾಸ್ತರ ಮುಂದಿಟ್ಟು, "ಜಳಗಾಂವ್‌ದವರು ಕೂಲರ್ ಮಾಡ್ತಾರಂತ್ರಿ. ಅವರ ಬಣ್ಣ. ಜರಾ ನೋಡ್ರಿ" ಎಂದೆ. ಹೇಳುವಾಗ ಧ್ವನಿ ಕೂಡ ನಡುಗಲಿಲ್ಲ. ಎಂಥ ಧೈರ್ಯವೋ ನನ್ನದು!

ಅವರು ತುಂಡನ್ನು ಕಿಟಕಿಗೆ ಹಿಡಿದರು. ಎರಡು ಕ್ಷಣವೂ ಆಗಲಿಲ್ಲ, ಬೋರಲು ಹಾಕಿ ಮೇಜಿನ ಮೇಲಿಟ್ಟರು.

"ಬಾಯಾರ, ನಾ ನಿಮಗ ಕಣ್ಣ ಕೊಟ್ಟು ದುಡೀತೀನಿ. ನೀವು ಅದನ್ನ ಕದಿಯಾಕ ಹೊಂಟ್ರಿ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ನನ್ನ ಸ್ವಭಾವ ನೋಡಿ, ನಾಚಿಕೆಯಾದಷ್ಟೂ ಸಿಟ್ಟು ಏರುತ್ತದೆ. ಸರಿ, ನೀವು ಮಾಡಬೇಡಿ, ನಾನೇ ಮಾಡುತ್ತೇನೆ, ನಾನೇನು ಯಾವ ಕಾಗದಕ್ಕೂ ಸಹಿ ಹಾಕಿಲ್ಲ ಎಂದೆ. ಅವರು ತಲೆಯಾಡಿಸಿದರು. "ಮಾಡ್ರಿ. ನಿಮ್ಮ ಕಣ್ಣಿಂದ ಮಾಡಿದ್ರ ಅದು ನಿಮ್ದು. ಯಾರೂ ಬ್ಯಾಡ ಅನ್ನಂಗಿಲ್ಲ."

ಮರುದಿನ ಹತ್ತು ಗಂಟೆಗೆ ಕಿಟಕಿಯ ಬಳಿ ಕೂತೆ. ಒಂದು ಹೊಸ ನೋಟ್‌ಬುಕ್ ಇಟ್ಟುಕೊಂಡು, ಏನು ಎಷ್ಟು ಹಾಕಿದೆ ಎಂದು ಬರೆದು, ಪಕ್ಕದಲ್ಲಿ ಆ ಬಣ್ಣದ ಪಟ್ಟಿ ಎಳೆಯುತ್ತಾ ಹೋದೆ. ಮೊದಲನೆಯದು ಗಿಳಿ ಹಸಿರಾಯಿತು. ಎರಡನೆಯದು ಪಾಚಿ. ಮೂರನೆಯದನ್ನು ಹಿಡಿದು ಮೆಲ್ಲಗೆ ಮಾಸ್ತರ ಕಡೆ ಕಳ್ಳನೋಟ ಹಾಕಿದೆ. ಬಾಯಿ ತೆರೆಯದಿದ್ದರೇನಾಯಿತು, ಹುಬ್ಬು ಏರಿದರೆ ಸಾಕು, ತುಟಿಯ ಅಂಚು ಅಲ್ಲಾಡಿದರೆ ಸಾಕು, ಹತ್ತಿರ ಬಂದೆನೋ ದೂರ ಹೋದೆನೋ ತಿಳಿಯುತ್ತದೆ. ಮಾಸ್ತರಿಗೆ ಅದೂ ಅರ್ಥವಾಯಿತು. ಎದ್ದು ಹೊರಗೆ ಹೋದರು. ರಸ್ತೆಯಾಚೆ ಚಾದ ಗಾಡಿಯ ಹತ್ತಿರ, ನನ್ನ ಕಿಟಕಿಗೆ ಬೆನ್ನು ಮಾಡಿ ನಿಂತರು. ಹನ್ನೊಂದೂವರೆಗೆ ಒಳಗೆ ಬಂದರು.

ಅಂದಿನಿಂದ ಅದೇ ಪದ್ಧತಿಯಾಯಿತು. ನಾನು ಹಸಿರಿನ ನೋಟ್‌ಬುಕ್ ತೆಗೆದರೆ ಅವರು ಎದ್ದು ಹೊರಗೆ. ಮಳೆ ಬಂದರೆ ಕೊಡೆ ಹಿಡಿದುಕೊಂಡು ಹೊರಗೆ. ಕೆಲಸಗಾರರು ಮುಸಿಮುಸಿ ನಗುತ್ತಿದ್ದರು. ಒಂದು ದಿನ ತಡೆಯಲಾರದೆ ಪಟ್ಟಿ ಹಿಡಿದುಕೊಂಡೇ ರಸ್ತೆ ದಾಟಿ ಹೋದೆ. "ಹಳದಿ ಹೆಚ್ಚಾತೇನ್ರಿ ಮಾಸ್ತರ? ಬರೇ ಹೌದೋ ಅಲ್ಲೋ ಹೇಳ್ರಿ ಸಾಕು." ಅವರು ಪಟ್ಟಿಯ ಕಡೆ ನೋಡಲೇ ಇಲ್ಲ. "ಇವತ್ತ ಚಾ ಭಾಳ ಛಲೋ ಆಗೇತ್ರಿ ಬಾಯಾರ. ಒಂದ್ ಕಟ್ ಚಾ ಹೇಳಲೇನ್ರಿ?" ಎಂದರು. ನಗಬೇಕೋ ಅಳಬೇಕೋ ಗೊತ್ತಾಗದೆ ಚಾ ಕುಡಿದು ಬಂದೆ.

ಇಪ್ಪತ್ತಾರನೆಯ ಸಲಕ್ಕೆ ಬಣ್ಣ ಸರಿಯಾಗಿ ಕೂತಿತು. ಕಿಟಕಿಯ ಬೆಳಕಿನಲ್ಲಿ ನನ್ನದು ಯಾವುದು, ಗಿರಾಕಿಯದು ಯಾವುದು ಎಂದು ನನಗೇ ಗುರುತಾಗಲಿಲ್ಲ. ಕುಣಿಯುವುದೊಂದು ಬಾಕಿ. ಆ ಸಡಗರದಲ್ಲೇ ಮಧ್ಯಾಹ್ನದೊಳಗೆ ಡಬ್ಬಿ ಕಟ್ಟಿಸಿ ಪಿಂಪಳಗಾಂವ್‌ಗೆ ಕಳಿಸಿಬಿಟ್ಟೆ. ಮಾಸ್ತರು ಡಬ್ಬಿ ಟೆಂಪೋಗೆ ಏರುವುದನ್ನು ನೋಡಿದರು, ಏನೋ ಹೇಳಲು ಹೋದವರಂತೆ ಒಂದು ಹೆಜ್ಜೆ ಮುಂದೆ ಬಂದರು, ಮತ್ತೆ ಹಿಂದೆ ಸರಿದರು.

ಮರುದಿನವೇ ಫೋನ್ ಬಂತು. ಅವರ ಶೆಡ್ಡಿನ ಟ್ಯೂಬ್‌ಲೈಟುಗಳ ಕೆಳಗೆ ನನ್ನ ಹಸಿರು ಮಣ್ಣು ಮೆತ್ತಿದಂತೆ ಕಾಣುತ್ತಿದೆಯಂತೆ. ಮೂರು ಬೆಳಕು! ನಾನು ನೋಡಿದ್ದು ಒಂದೇ ಬೆಳಕಿನಲ್ಲಿ. ಎರಡು ವರ್ಷ ಕಲಿತದ್ದನ್ನು ಒಂದು ಗಂಟೆಯ ಖುಷಿಯಲ್ಲಿ ಗಾಳಿಗೆ ತೂರಿಬಿಟ್ಟಿದ್ದೆ. ಇನ್ನು ಹದಿನೈದು ದಿನ ಕಾಯುತ್ತೇವೆ, ಆಗದಿದ್ದರೆ ಶೇಟಜಿಯ ಹತ್ತಿರವೇ ಮುಂದುವರಿಯುತ್ತೇವೆ ಎಂದರು.

ಫೋನ್ ಇಟ್ಟು ನೇರ ಮಾಸ್ತರ ಮುಂದೆ ಹೋಗಿ ನಿಂತೆ.

"ನಾ ಟ್ಯೂಬ್‌ಲೈಟ್‌ನ್ಯಾಗ ನೋಡಿಲ್ಲ ಅಂತ ನಿಮಗ ಗೊತ್ತಿತ್ತು, ಹೌದಲ್ರಿ?"

"ಗೊತ್ತಿತ್ರಿ."

"ಮತ್ತ ಬಾಯಿ ಬಿಟ್ಟು ಒಂದ್ ಮಾತು ಅನಬಾರದಾಗಿತ್ತ?"

"ಆ ಹಸಿರಿಗೆ ಹಂಗ ಅಂದಿದ್ರ, ನಿಮ್ಮ ಪುಡಿ ತಪ್ಪೈತಿ ಅಂದಂಗ, ಅದರಾಗ ಏನೈತಿ ಅಂತ ಅರ್ಧ ಹೇಳಿದಂಗ ಆಗ್ತಿತ್ರಿ. ಬ್ಯಾರೆ ಬಣ್ಣ ಆಗಿದ್ರ ಡಬ್ಬಿ ಏರಸಾಕ ಬಿಡ್ತಿದ್ದಿಲ್ಲ."

ಆಗಲೇ ಆ ಮಾತು ನನ್ನ ಬಾಯಿಂದ ಬಂತು. ಒಂಬತ್ತೂ ಜನ ಕೆಲಸಗಾರರು ನಿಂತಿದ್ದರು. ಅವರೆಲ್ಲರ ಎದುರಿಗೆ, "ನೀವು ಈಗ ಯಾರ ಅನ್ನ ಉಣ್ಣಾಕತ್ತೀರಿ ಮಾಸ್ತರ? ಅದಾದ್ರೂ ನೆನಪೈತಿಲ್ಲ?" ಎಂದೆ. ತಂದೆಯ ವಯಸ್ಸಿನ ಮನುಷ್ಯನಿಗೆ.

ಮಾಸ್ತರು ಕಲಕುತ್ತಿದ್ದ ಡಬ್ಬಿಗೆ ಮುಚ್ಚಳ ಹಾಕಿದರು. ನಲ್ಲಿಗೆ ಹೋಗಿ ಕೈ ತೊಳೆದುಕೊಂಡರು, ಚೀಲ ತೆಗೆದುಕೊಂಡು ಹೋದರು. ಸಂಜೆಯಾಗಲು ಇನ್ನೂ ಬಹಳ ಹೊತ್ತಿತ್ತು. ಹೋಯಿತು, ಮಾಸ್ತರೂ ಹೋದರು, ಹಸಿರೂ ಹೋಯಿತು ಎಂದುಕೊಂಡೆ. 

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಬಂದರು. ಏನೂ ಆಗದವರಂತೆ ಬೇರೆ ಗಿರಾಕಿಯ ಬೂದಿ ಬಣ್ಣ ಕಲಕಲು ಕೂತರು. ಹತ್ತಕ್ಕೆ ನಾನು ಹಸಿರಿನ ನೋಟ್‌ಬುಕ್ ತೆಗೆದೆ, ಅವರು ಎದ್ದು ಚಾದ ಗಾಡಿಗೆ ಹೋದರು. ಕ್ಷಮಿಸಿ ಎನ್ನಬೇಕಾಗಿತ್ತು. ಆ ದಿನ ಹೇಳಲಿಲ್ಲ, ಹಟ. ಮರುದಿನ ಹೇಳಿದರಾಯಿತು ಎಂದುಕೊಂಡೆ...

ಆ ಹದಿನೈದು ದಿನ ನಾನು ಕೆಲಸ ಮಾಡಿದ ರೀತಿ ನೆನೆದರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಊಟದ ಡಬ್ಬಿ ತೆರೆಯದೆ ಎಷ್ಟೋ ದಿನ ಮನೆಗೆ ವಾಪಸು ಹೋಗಿದೆ. ಒಂದೊಂದೇ ಪುಡಿ ಬದಲಿಸಿದೆ, ಪ್ರತಿ ಪಟ್ಟಿಯನ್ನೂ ಮೂರು ಬೆಳಕಿನಲ್ಲಿ ಹಿಡಿದೆ, ತಪ್ಪಿದ್ದನ್ನು ತಪ್ಪಿದೆ ಎಂದು ತಾರೀಖು ಹಾಕಿ ಬರೆದೆ. ಈ ಮನುಷ್ಯನ ಬಾಯಿಂದ ಬರುವುದಿಲ್ಲವೇ, ಬರಬೇಡ, ನನ್ನ ಕಣ್ಣೇನು ಸತ್ತಿದೆಯೇ ಎಂದು ಪ್ರತಿ ಬೆಳಿಗ್ಗೆ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಲವತ್ತೆರಡನೆಯ ಪಟ್ಟಿ ಕಿಟಕಿಯಲ್ಲೂ ಅದೇ, ಟ್ಯೂಬ್‌ಲೈಟಿನಲ್ಲೂ ಅದೇ, ಬಲ್ಬಿನಲ್ಲೂ ಅದೇ ಆಯಿತು. ಈ ಸಲ ಕುಣಿಯಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಗಿರಾಕಿ ಒಪ್ಪಿದ. ಒಂಬತ್ತು ಜನವೂ ಉಳಿದರು. ಆ ಹಸಿರನ್ನು ಪ್ರತಿ ಸಲ ನಾನೇ ಕೂಡಿಸುತ್ತಿದ್ದೆ, ಮಾಸ್ತರು ಆ ಹೊತ್ತಿಗೆ ಹೊರಗಿರುತ್ತಿದ್ದರು.

ಎರಡು ತಿಂಗಳಿಗೆ ಶೇಟಜಿಯ ನೋಟೀಸು ಬಂತು. ಹಳೆಯ ನೌಕರನ ಮೂಲಕ ನಮ್ಮ ಗುಟ್ಟು ಕದ್ದಿದ್ದೀರಿ, ಆ ಬಣ್ಣ ಮಾಡುವುದನ್ನು ಕೂಡಲೇ ನಿಲ್ಲಿಸಿ, ಇಲ್ಲದಿದ್ದರೆ ನಿಮ್ಮಿಬ್ಬರ ಮೇಲೂ ದಾವೆ.  ಓದಿ ರಕ್ತ ಕುದಿಯಿತು. ನಲವತ್ತೊಂದು ಸಲ ಸೋತವಳನ್ನು ಕಳ್ಳಿ ಎನ್ನುತ್ತಾರಲ್ಲ! ನಮ್ಮ ವಕೀಲರು ಮೊದಲು ಮಾತಾಡಿ ನೋಡೋಣ ಎಂದು ಅವರ ವಕೀಲರ ಕಚೇರಿಯಲ್ಲಿ ದಿನ ಗೊತ್ತುಮಾಡಿದರು. ನಾನು, ವಕೀಲರು, ಮಾಸ್ತರು ಮೂವರೂ ಔರಂಗಾಬಾದಿಗೆ ಬಸ್ಸು ಹತ್ತಿದೆವು.  ನನ್ನ ತೊಡೆಯ ಮೇಲೆ ನೋಟ್‌ಬುಕ್ ಇತ್ತು. ಗೆದ್ದ ಬಣ್ಣದ ಲೆಕ್ಕವಿದ್ದ ಕೊನೆಯ ಹಾಳೆಗಳನ್ನು ಮಾತ್ರ ಅವರಿಗೆ ಕಾಣದಂತೆ ಸೂಜಿ ದಾರದಿಂದ ಸುತ್ತಲೂ ಹೊಲಿದು ತಂದಿದ್ದೆ.

ಶೇಟಜಿಯನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬಿಳಿ ಷರಟು, ದಪ್ಪ ಕನ್ನಡಕ, ಮಾತು ಕಡಿಮೆ. ಮಾಸ್ತರನ್ನು ನೋಡಿ "ಕಸಂ ಕಾಯ್ ಮಾಸ್ತರ್" ಎಂದು ಮರಾಠಿಯಲ್ಲಿ ಕ್ಷೇಮ ಕೇಳಿದರು, ಮಾಸ್ತರು ಕೈಮುಗಿದರು. ನಾನು ನೋಟ್‌ಬುಕ್ ಅವರ ಮುಂದೆ ನೂಕಿದೆ. ಅವರು ಒಂದೊಂದೇ ಹಾಳೆ ತಿರುವಿದರು. ಗಿಳಿ ಹಸಿರು, ಪಾಚಿ ಹಸಿರು, ಮಣ್ಣು ಮೆತ್ತಿದ ಆ ಇಪ್ಪತ್ತಾರನೆಯ ಹಸಿರು. ತಾರೀಖು, ತಪ್ಪು, ತಾರೀಖು, ತಪ್ಪು. ಅರ್ಧ ಗಂಟೆ ಓದಿದರು. ಬಣ್ಣದ ಧಂದೆಯಲ್ಲೇ ಬೆಳೆದ ಮನುಷ್ಯ, ವಕೀಲರಿಗೆ ಕಾಣದ್ದು ಅವರಿಗೆ ಕಂಡಿತು. ತಮ್ಮ ವಕೀಲರ ಕಡೆ ತಿರುಗಿ ಮರಾಠಿಯಲ್ಲಿ, "ಇವಳ ಹತ್ತಿರ ನನ್ನ ಲೆಕ್ಕ ಇದ್ದಿದ್ದರೆ ಇಷ್ಟು ಸಲ ತಪ್ಪುತ್ತಿರಲಿಲ್ಲ. ಎರಡನೆಯ ಸಲಕ್ಕೇ ಮುಗಿಯುತ್ತಿತ್ತು" ಎಂದರು.

ಆಮೇಲೆ ಹೊಲಿದ ಹಾಳೆಗಳ ಮೇಲೆ ಬೆರಳಿಟ್ಟರು. ಕಣ್ಣು ಮಾತ್ರ ಮಾಸ್ತರ ಮೇಲೆ. "ನೀವು ಅಲ್ಲೇ ಇದ್ದೀರಿ. ಸಾಮಾನು ತರಿಸುವ ಚೀಟಿ ನಿಮ್ಮ ಕೈ ದಾಟಿಯೇ ಹೋಗುತ್ತದೆ. ಇವರು ಏನು ಹಾಕುತ್ತಾರೆ ನಿಮಗೆ ಗೊತ್ತು. ಇಷ್ಟು ಹೇಳಿ, ನನ್ನದರಲ್ಲಿ ಇರುವುದೇ ಇದರಲ್ಲಿದೆಯೋ, ಬೇರೆಯೋ? ಬೇರೆ ಎಂದರೆ ನೋಟೀಸು ಈಗಲೇ ಹರಿದು ಹಾಕುತ್ತೇನೆ."

 ಅದು ನಿಜಕ್ಕೂ ಬೇರೆಯಾಗಿದ್ದರೆ, ಬೇರೆ ಎಂಬ ಒಂದೇ ಮಾತಿಗೆ ಮುಗಿಯಿತು, ನಾವು ಬಸ್ಸು ಹತ್ತಬಹುದು. ಹೇಳಿ ಮಾಸ್ತರ, ಹೇಳಿ ಎಂದು ಮನಸ್ಸಿನಲ್ಲೇ ಕೂಗುತ್ತಿದ್ದೆ. ಮಾಸ್ತರು ಕುರ್ಚಿಯಲ್ಲಿ ಕೂತಲ್ಲೇ ಮೆಲ್ಲಗೆ ತಿರುಗಿದರು. ಶೇಟಜಿಗೆ ಬೆನ್ನು, ಮುಖ ಕಿಟಕಿಯ ಕಡೆ.

"ಶೇಟಜಿ, ಯಂದಾ ಇಥೇ ಊನ್ ಫಾರ್ ಆಹೇ" ಎಂದರು. ಈ ಸಲ ಇಲ್ಲಿ ಬಿಸಿಲು ಬಹಳ ಜೋರಿದೆಯಂತೆ.

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಬೇರೆ ಎಂದರೂ ನನ್ನ ಹಸಿರಿನಲ್ಲಿ ಏನಿದೆ ಎಂದು ಅರ್ಧ ಹೇಳಿದಂತೆ, ಅವರು ಈಗ ನನ್ನ ಗುಟ್ಟು ಕಾಯುತ್ತಿದ್ದರು. ನನಗಾಗಿ ಅವರು ಯಾವ ಸ್ಟ್ಯಾಂಪ್ ಪೇಪರಿಗೂ ಸಹಿ ಹಾಕಿರಲಿಲ್ಲ. ಹಾಕಿ ಎಂದು ನಾನು ಕೇಳಿರಲೂ ಇಲ್ಲ. ಯಾರ ಅನ್ನ ಎಂದು ಒಂಬತ್ತು ಜನರ ಮುಂದೆ ಕೇಳಿದವಳ ಗುಟ್ಟನ್ನು, ತಮ್ಮ ಮೇಲೂ ದಾವೆ ತೂಗಾಡುತ್ತಿರುವಾಗ, ಹಾಗೆ ಬೆನ್ನು ತಿರುಗಿಸಿ ಕಾಯುತ್ತಿದ್ದರು. ಕಣ್ಣು ತುಂಬಿ ಬಂತು, ಎದುರಾಳಿಯ ಮುಂದೆ ಅಳಬಾರದೆಂದು ತುಟಿ ಕಚ್ಚಿಕೊಂಡೆ. ಶೇಟಜಿ ಬಹಳ ಹೊತ್ತು ಆ ಬೆನ್ನನ್ನೇ ನೋಡಿದರು. ಆಮೇಲೆ ನೋಟ್‌ಬುಕ್ ಮುಚ್ಚಿ ನನ್ನ ಕಡೆ ಸರಿಸಿದರು. ನೋಟೀಸನ್ನು ಹಿಂದೆ ತೆಗೆದುಕೊಂಡ ಕಾಗದ ವಾರದೊಳಗೆ ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ಕ್ಷಮೆ ಕೇಳಲೇಬೇಕೆಂದು ಬಾಯಿ ತೆರೆದೆ. ಅವರು ಕಿಟಕಿಗೆ ಒರಗಿ ನಿದ್ದೆ ಹೋಗಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ.

ಅದಾದ ಮೇಲೂ ಆರು ವರ್ಷ ನನ್ನ ಜೊತೆ ದುಡಿದರು. ಆಮೇಲೆ ಕಣ್ಣಿಗೆ ಪೊರೆ ಬಂದು ಮನೆಯಲ್ಲಿ ಉಳಿದರು. ಹಬ್ಬಕ್ಕೆ ಹೋಳಿಗೆ ಒಯ್ದು ಕೊಟ್ಟು ಬರುತ್ತಿದ್ದೆ. ಇದನ್ನು ಬಿಟ್ಟು ಎಲ್ಲ ಮಾತಾಡುತ್ತಿದ್ದೆವು. ಇಷ್ಟು ವರ್ಷದ ಮೇಲೆ ಹಳೆಯದನ್ನು ಯಾಕೆ ಕೆದಕುವುದು, ಅವರು ಮರೆತಿರುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ನಾನು ಮರೆತಿದ್ದೆನೇ? ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರ ಮಗಳ ಫೋನ್ ಬಂತು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೂರನೆಯ ದಿನ ಮಾತಾಡಿಸಲು ಹೋದಾಗ ಹಜಾರದಲ್ಲಿ ಶೇಟಜಿ ಕೂತಿದ್ದರು. ಕೈಯಲ್ಲಿ ಕೋಲು ಬಂದಿತ್ತು. ಸಂಭಾಜಿನಗರದಿಂದ ಅಷ್ಟು ದೂರ ಕಾರಿನಲ್ಲಿ ಕೂತು ಬಂದಿದ್ದರು. ನಾನು ಅವರ ಪಕ್ಕದಲ್ಲೇ ಚಾಪೆಯ ಮೇಲೆ ಕೂತೆ. ಅವರು ತಗ್ಗಿದ ದನಿಯಲ್ಲಿ ಕೇಳಿದರು.

"ಕೊನೆಗಾದರೂ ನಿಮಗೆ ಹೇಳಿದರೇ, ನನ್ನ ಹಸಿರಿನ ವಿಚಾರ?"

"ಇಲ್ಲ. ನಿಮಗೆ ನನ್ನದು?"

"ಎರಡು ಸಲ ಫೋನ್ ಮಾಡಿ ಕೇಳಿದೆ. ಎರಡು ಸಲವೂ ಇಗತಪುರಿ ಕಡೆ ಮಳೆ ಹೇಗಿದೆ ಅಂತ ಮಾತಾಡಿದರು."

ಸಾವಿನ ಮನೆಯಲ್ಲಿ ನಗು ಬಂದುಬಿಟ್ಟಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ನಗು ಅಲ್ಲೇ ಅಳುವಾಯಿತು. ಯಾರಿಗೂ ಹೇಳದಿದ್ದ ಮಾತನ್ನು ಎದುರಾಳಿಯ ಮುಂದೆ ಹೇಳಿಬಿಟ್ಟೆ. "ಒಂದು ದಿನ ಎಲ್ಲರೆದುರು ಅವರಿಗೆ ಕೇಳಿದ್ದೆ ಶೇಟಜಿ, ಯಾರ ಅನ್ನ ತಿನ್ನುತ್ತಿದ್ದೀರಿ ಅಂತ."

ಶೇಟಜಿ ಕೋಲಿನ ಹಿಡಿಯನ್ನು ಸವರುತ್ತಾ ನೆಲ ನೋಡಿದರು. "ನಾನೂ ಕೇಳಿದ್ದೆ. ಕೆಲಸ ಬಿಟ್ಟು ನಾಸಿಕಕ್ಕೆ ಹೋಗುತ್ತೇನೆ ಎಂದ ದಿನ. ಇದೇ ಮಾತು."

"ಏನಂದರು?"

"ಏನೂ ಅನ್ನಲಿಲ್ಲ. ಮರುದಿನ ಒಂಬತ್ತಕ್ಕೆ ಬಂದು ಉಳಿದ ಕೆಲಸ ಮುಗಿಸಿಕೊಟ್ಟು ಹೋದರು."

ಅಷ್ಟರಲ್ಲಿ ಮಾಸ್ತರ ಮಗಳು ನೀರು ತಂದು ಕೊಟ್ಟಳು. ಇಬ್ಬರೂ ಕುಡಿದು ಎದ್ದೆವು. ಮೆಟ್ಟಿಲು ಇಳಿಯುವಾಗ ಶೇಟಜಿಗೆ ಕೈ ಕೊಟ್ಟೆ. ಪಿಂಪಳಗಾಂವ್ ಗಿರಾಕಿಯನ್ನು ವಾಪಸು ತೆಗೆದುಕೊಳ್ಳದೆ ಬಿಡುವುದಿಲ್ಲ ಎಂದು ಕಾರು ಹತ್ತುವಾಗ ಹೇಳಿದರು. ತೆಗೆದುಕೊಂಡು ನೋಡಿ ಎಂದೆ ನಾನು.

ಅವರಿಂದ ಇನ್ನೂ ಆಗಿಲ್ಲ. ಈಗ ಅವರ ಮಗ ಧಂದೆ ನೋಡಿಕೊಳ್ಳುತ್ತಾನೆ, ನನಗಿಂತ ಚುರುಕು. ಹೋದ ತಿಂಗಳು ನನ್ನ ಒಬ್ಬ ಗಿರಾಕಿಯನ್ನು ಎಳೆದುಕೊಂಡ. ನಾನೂ ಬಿಡುವವಳಲ್ಲ. ವಾಳೂಜ್‌ನಲ್ಲೇ, ಅವನ ಮೂಗಿನ ಕೆಳಗೇ ಇರುವ ಒಂದು ಪಂಪ್ ಕಾರ್ಖಾನೆಗೆ ಬರುವ ವಾರ ನ್ಯಾಯವಾಗಿಯೇ ಸ್ಯಾಂಪಲ್ ಕೊಡುವವಳಿದ್ದೇನೆ. ಅವರದು ಒಂದು ಥರದ ನೀಲಿ. ಮಷಿನ್ ಸರಿಯಾಗಿದೆ ಎನ್ನುತ್ತದೆ. ಮೂರು ಬೆಳಕಿನಲ್ಲೂ ಹಿಡಿದು ನೋಡಿದ್ದೇನೆ, ಆದರೂ ಎಲ್ಲೋ ಒಂದು ಹನಿ ಹೆಚ್ಚಾಗಿದೆ ಎಂದು ನನ್ನ ಕಣ್ಣು ಹೇಳುತ್ತಿದೆ. ಯಾವುದರ ಹನಿ ಎಂದು ಹೊಳೆಯುತ್ತಿಲ್ಲ. ಈ ನೀಲಿಯ ಬಗ್ಗೆ ಮಾಸ್ತರು ಯಾರಿಗೂ ಮಾತು ಕೊಟ್ಟಿರಲಿಲ್ಲ. ಅವರು ಇದ್ದಿದ್ದರೆ, ಕೇಳಿದರೆ ಹೇಳುತ್ತಿದ್ದರು...